ನಂಜು

ಭಾನುವಾರ ಬಾಡೂಟ.
ಬುಧವಾರ ಆಯನೂರು ದಾಟುವಾಗ
ಟಿಕೆಟ್ ಕೊಡುವ ಕೈತುಂಬ ದದ್ದು.

“ನಂಜು,” ಅಂದಳು ಹಾಲಮ್ಮ.
ಬದನೆಕಾಯಿ ಬಂದ್.
ಆಮೇಲೆ ಕುಂಬಳ, ಸೀಗಡಿ, ಹೊಸ ಸೋಪು,
ಒಂದೊಂದನ್ನೇ ಸ್ಟಾಪಿಲ್ಲದ ಕಡೆ ಇಳಿಸಿದೆವು.
ದದ್ದು ಇಳಿಯಲಿಲ್ಲ.

ದುರ್ಗಿಗುಡಿಯ ಡಾಕ್ಟರಮ್ಮ
ಚರ್ಮ ನೋಡಿ, ಜೇಬು ನೋಡಿದರು.
“ಇದೇನು?”
“ಜೀರ್ಣದ ಮಾತ್ರೆ. ಅದೇನು ಊಟವಲ್ಲವಲ್ಲ.”
ಪಟ್ಟಿ ತಿರುಗಿಸಿ ಓದಿದರು: ಪರಂಗಿಹಾಲಿನ ಸತ್ವ.
“ತಿಂದಿದ್ದೆಲ್ಲ ಹೇಳಿದಿರಿ,
ಕರಗಿಸಲು ನುಂಗಿದ್ದೊಂದು ಬಿಟ್ಟು.”

ಮೂರು ದಿನ ತಡವಾಗಿ ಬಂದ ಬಸ್ಸನ್ನು
ಎಲ್ಲಿಂದ ಹೊರಟೆ ಅಂತ ಯಾರು ಕೇಳುತ್ತಾರೆ?

ಮಾತ್ರೆ ಬಿಟ್ಟು ಹದಿನೇಳು ದಿನ.
ಇವತ್ತು ಎಣ್ಣೆಗಾಯಿ.
ತುತ್ತಿಗೆ ಮೊದಲು ತೊಟ್ಟು ಮುಟ್ಟಿ
ಕಣ್ಣಿಗೊತ್ತಿಕೊಂಡೆ. ಹಾಲಮ್ಮ ನಕ್ಕಳು.
ಉಂಡೆದ್ದ ಮೇಲೆ, ಅಭ್ಯಾಸಬಲ,
ಕೈ ಜೇಬಿಗೆ ಹೋಯಿತು.
ಚಿಲ್ಲರೆ ಸಿಕ್ಕಿತು.