ನೀಲಿ ಪಟ್ಟಿ

ಕೋಡಿಬಾಗದ ಮೈದಾನದ ಮೂಲೆಯಲ್ಲಿ
ಒಂದು ಸ್ಟೂಲು, ಒಂದು ಕತ್ತರಿ, ನಾನು.
ಪಂದ್ಯಾವಳಿಯ ಬ್ಯಾನರು ಕಾಳಿಯ ಗಾಳಿಗೆ
ಪಟಪಟ ಬಡಿದುಕೊಳ್ಳುತ್ತಿದೆ.
ಹುಡುಗಿಯರು ಒಬ್ಬೊಬ್ಬರೇ ಬಂದು ಕಾಲು ಚಾಚುತ್ತಾರೆ,
ಬಳೆಗಾರನ ಮುಂದೆ ಕೈ ಚಾಚಿದ ಹಾಗೆ.

ಒಬ್ಬಳಿಗೆ ನೀಲಿ, ಒಬ್ಬಳಿಗೆ ಗುಲಾಬಿ.
ಕಪ್ಪು ಬೇಡವೇ ಬೇಡ, ಕಪ್ಪು ಹಚ್ಚಿದ ದಿನ ಸೋತಿದ್ದೇವೆ
ಅನ್ನುತ್ತಾಳೆ ಮತ್ತೊಬ್ಬಳು.
ಬಣ್ಣಕ್ಕೆ ಬಲವಿಲ್ಲ ತಂಗಿ, ಬಟ್ಟೆ ಒಂದೇ, ಅಂಟು ಒಂದೇ,
ಅನ್ನಬೇಕು ನಾನು. ಅನ್ನುವುದಿಲ್ಲ.
ಚೀಲದ ತಳದಲ್ಲಿ ಗುಲಾಬಿ ಸುರುಳಿ ಹುಡುಕುತ್ತೇನೆ.

ಧಾರವಾಡದಲ್ಲಿ ಕಲಿಸಿದ ಮೇಷ್ಟ್ರು ಹೇಳಿದ್ದರು:
ಈ ಪಟ್ಟಿ ಚರ್ಮವನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ,
ಅಡಿಯಲ್ಲಿ ರಕ್ತ ಸಲೀಸು ಹರಿಯುತ್ತದೆ, ಬರಕೊಳ್ಳಿ.
ಬರಕೊಂಡೆವು.
ಅದೇ ಮೇಷ್ಟ್ರು ಪರೀಕ್ಷೆ ಮುಗಿದ ಮೇಲೆ
ಕ್ಯಾಂಟೀನಿನಲ್ಲಿ ಚಹಾ ಊದುತ್ತ ಅಂದರು:
ಅರ್ಧ ಅಂಟು, ಅರ್ಧ ನಂಬಿಕೆ.
ಯಾವ ಅರ್ಧ ಎಷ್ಟೆಂದು ನನ್ನ ಕೇಳಬೇಡ ಮಾರಾಯ.

ಹೋದ ವರ್ಷ ಮಾಜಾಳಿಯಲ್ಲಿ
ನಾನೊಂದು ಕಳ್ಳ ಪರೀಕ್ಷೆ ಮಾಡಿದೆ.
ಸುಗಂಧಾ ತಾಂಡೇಲಳ ಎಡ ಮೊಣಕಾಲಿಗೆ
ಎಳೆಯದೆ, ಬಿಗಿಯದೆ,
ಲಕೋಟೆಗೆ ಅಂಚೆಚೀಟಿ ಅಂಟಿಸಿದಂತೆ
ಸುಮ್ಮನೆ ಹಚ್ಚಿ ಕಳಿಸಿದೆ. ಹನ್ನೊಂದು ಅಂಕ ತಂದಳು.
ಮುಂದಿನ ವಾರ ಕಲಿತದ್ದೆಲ್ಲ ನೆನೆದು
ಅಳೆದು, ಜಗ್ಗಿ, ಮಂಡಿಚಿಪ್ಪಿನ ಸುತ್ತ ತಿರುಗಿಸಿ
ಹೆಮ್ಮೆಯಿಂದ ಹಚ್ಚಿದೆ. ಮೂರೇ ಅಂಕ.
ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ:
ಸುರುಳಿಗೆ ನಾನೂರೈವತ್ತು.
ಊದುಬತ್ತಿ ಕಟ್ಟಿಗೆ ಹತ್ತು.

ಇವತ್ತು ಅವಳು ಕೊನೆಗೆ ಬಂದಳು.
ಸ್ಟೂಲಿನ ಮೇಲೆ ಬಲಗಾಲಿಟ್ಟಳು.
ನೋವು ಎಡಕ್ಕಲ್ಲವಾ?
ಎಡಕ್ಕೇ.
ಮತ್ತೆ?
ಬಲಕ್ಕೆ ಹಚ್ಚಿ ಸರ್. ನೀಲಿ. ದೂರಕ್ಕೆ ಕಾಣಬೇಕು.
ಹೋದ ಸಲ ನಿಮ್ಮ ಪಟ್ಟಿ ನೋಡಿಯೇ
ಅವರಿಗೆ ನನ್ನ ನೋವಿನ ವಿಳಾಸ ಸಿಕ್ಕಿದ್ದು.

ಹಚ್ಚಿದೆ. ಏನೂ ಆಗದ ಕಾಲಿಗೆ
ಜೀವಮಾನದಲ್ಲೇ ಚೆಂದದ ಪಟ್ಟಿ ಹಚ್ಚಿದೆ.

ದೀಪ ಹೊತ್ತಿತು. ಸೀಟಿ.
ಗೆರೆ ದಾಟಿ ಹೋದಳು ಒಂದೇ ಉಸಿರಿಗೆ ಕಬಡ್ಡಿ ಕಬಡ್ಡಿ,
ನೀಲಿ ಕಾಲನ್ನು ಗಾಳದ ಸಿಗಡಿಯಂತೆ ಮುಂದಿಟ್ಟು ಆಡಿಸುತ್ತ.
ಅಂಕೋಲೆಯ ಮೂಲೆಯವಳು ಹಾರಿದಳು,
ನೀಲಿ ಅಲ್ಲಿರಲಿಲ್ಲ.
ಇನ್ನೊಬ್ಬಳು ಹಾರಿದಳು, ಮ್ಯಾಟು ತಬ್ಬಿಕೊಂಡಳು.
ಜನ ಕೂಗುತ್ತಿದ್ದರು. ನಾನು ನೋಡುತ್ತಿದ್ದದ್ದು ಎಡಗಾಲನ್ನು,
ಬರಿಯ ಎಡಗಾಲನ್ನು,
ಪ್ರತಿ ಜಿಗಿತಕ್ಕೂ ಭಾರವೆಲ್ಲ ಹೊತ್ತು
ತುಟಿ ಕಚ್ಚುವ ಕೆಲಸ ಮುಖಕ್ಕೆ ಬಿಟ್ಟಿದ್ದನ್ನು.

ಒಂಬತ್ತನೆಯ ದಾಳಿಗೆ ಸಿಕ್ಕಿಬಿದ್ದಳು.
ಅಂಕೋಲೆಯಿಂದ ಬದಲಿಗೆ ಇಳಿದಿದ್ದ ಸಣ್ಣ ಹುಡುಗಿ,
ಹದಿನಾಲ್ಕೋ ಹದಿನೈದೋ,
ಪಟ್ಟಿ ನೋಡಲಿಲ್ಲ. ಮುಖ ನೋಡಿದಳು.
ನೋಡಿ, ನೇರ ಎಡ ಪಾದಕ್ಕೇ ಬಿದ್ದಳು.

ಎರಡು ಅಂಕದಿಂದ ಗೆದ್ದೆವು ಅನ್ನಿ.
ಬೈತಖೋಲಿನಿಂದ ತರಿಸಿದ ಮಂಜುಗಡ್ಡೆ,
ಬಂಗಡೆ ವಾಸನೆಯದು,
ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎಡ ಮಂಡಿಗೆ ಒತ್ತಿಕೊಂಡು ಕೂತಳು.
ಬಲಗಾಲಿನ ಪಟ್ಟಿ ನಾನು ಕೀಳುವಾಗ ಮಾತ್ರ
ಅಮ್ಮಾ ಎಂದು ಚೀರಿದಳು.
ಆಮೇಲೆ ಕೇಳಿದಳು: ನಿಜ ಹೇಳಿ ಸರ್,
ಇದರಿಂದ ಎಂತಾದರೂ ಉಪಯೋಗ ಉಂಟಾ?
ಕತ್ತರಿ ಒರೆಸಿದೆ. ಮತ್ತೊಮ್ಮೆ ಒರೆಸಿದೆ.

ಸಾಮಾನು ಕಟ್ಟುವಾಗ ಯಾರೋ ಬಂದು ನಿಂತರು.
ಅದೇ ಸಣ್ಣ ಹುಡುಗಿ.
ನನಗೂ ಒಂದು ಹಚ್ಚಿ ಸರ್.
ಎಲ್ಲಿ ನೋವು?
ಎಲ್ಲೂ ಇಲ್ಲ.
ಮತ್ತೆ ಎಂತಕ್ಕೆ?
ಮಾತಿಲ್ಲ. ಮೊಣಕೈ ಚಾಚಿಕೊಂಡೇ ನಿಂತಳು.

ನಾಲ್ಕು ಬೆರಳಷ್ಟು ನೀಲಿ ಕತ್ತರಿಸಿದೆ.
ಬೇಗ ಏಳಬಾರದೆಂದು
ಮೂಲೆಗಳನ್ನು ದುಂಡಗೆ ಮಾಡಿದೆ.