ಒಂಬತ್ತೂವರೆ, ಅಗಲ

ಟೌನ್ಸ್‌ವಿಲ್‌ನಲ್ಲಿ ಫೆಬ್ರವರಿ ಎಂದರೆ
ಗೋಡೆಗೂ ಬೆವರು.
ಅಂಗಡಿ ಮುಚ್ಚಲು ನಲವತ್ತು ನಿಮಿಷ ಇರುವಾಗ ಬಂದ,
ಬ್ರೇಡನ್ ಟ್ರಿಗ್, ಜೂಲಿಯಾ ಕ್ರೀಕಿನವನು,
ನಾಲ್ಕು ದಿನದ ಹಿಂದೆ ಬೋಳಿಸಿದ ತಲೆ,
ಕಿವಿಗಳು ಮಾತ್ರ ಇನ್ನೂ ಮನೆಯವೇ.
ಕೂರುವ ಮೊದಲೇ ಬೆರಳು ತೋರಿದ:
ಆ ಹಗುರಾದದ್ದು ಕೊಡಿ,
ನಮ್ಮ ಪ್ಲಟೂನಿನಲ್ಲಿ ಎಲ್ಲರದ್ದೂ ಅದೇ.

ಹೊತ್ತನ್ನಂತೂ ಸರಿಯಾಗಿ ಆರಿಸಿಕೊಂಡಿದ್ದ.
ಬೂಟು ಕೊಳ್ಳುವುದು ಸಂಜೆಯೇ.
ಬೆಳಗಿನ ಪಾದ ಸುಳ್ಳು ಹೇಳುತ್ತದೆ;
ದಿನವಿಡೀ ನಿಂತು ಊದಿದ ಪಾದಕ್ಕೆ
ಸುಳ್ಳು ಹೇಳುವಷ್ಟು ತ್ರಾಣ ಇರುವುದಿಲ್ಲ.

ಸ್ಟೂಲು ಎಳೆದುಕೊಂಡು
ಅವನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡೆ.
ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ.
ಆದರೂ ಮುಟ್ಟುವ ಮುಂಚೆ, ಅರೆಗಳಿಗೆ,
ಕೈ ತಡೆದು ನಿಲ್ಲುತ್ತದೆ.

ಅಥಣಿಯಲ್ಲಿ ನನ್ನಜ್ಜ ಯಮನಪ್ಪ
ದೇಸಾಯರ ವಾಡೆಯ ಮೆಟ್ಟಿಲಿಗಿಂತ ಮೂರು ಮಾರು ಈಚೆ
ಬೂದಿ ಹರವಿ, ದೂರ ಸರಿದು ಕಾಯುತ್ತಿದ್ದ.
ಅವರು ಇಳಿದು ಬಂದು
ಬೂದಿ ತುಳಿದು
ಕಾಲು ತೊಳೆದುಕೊಂಡು ಒಳಗೆ ಹೋದ ಮೇಲೆ
ಹಂಚಿಕಡ್ಡಿ ಹಿಡಿದು ಹೆಜ್ಜೆ ಅಳೆಯುತ್ತಿದ್ದ.
ಆಯುಷ್ಯವೆಲ್ಲ ಊರ ಕಾಲಿಗೆ ಮೆಟ್ಟು ಹೊಲಿದ,
ಒಂದು ಕಾಲನ್ನೂ ಮುಟ್ಟಲಿಲ್ಲ.
"ಬೂದಿ ಬರೇ ಅಳತಿ ಹೇಳತೈತಿ ಬೇ,
ನೋವು ಎಲ್ಲೈತಿ ಅಂತ ಹೇಳೂದಿಲ್ಲ."

ಹೆಬ್ಬೆರಳಿನ ಬುಡ ಅಗಲ. ಹಿಮ್ಮಡಿ ಕಿರಿದು.
ಎಡಗಾಲು ಬಲಕ್ಕಿಂತ ಒಂದು ಗೋಧಿಕಾಳು ಉದ್ದ.
ಕಿರುಬೆರಳಿನ ಹತ್ತಿರ ನನ್ನ ಹೆಬ್ಬೆಟ್ಟು
ಒಂದು ಗಂಟನ್ನು ಎಡವಿತು.
ಇದು ಯಾವಾಗ ಮುರಿದದ್ದು?

ಅವನು ಬಾಗಿಲ ಕಡೆ ನೋಡಿದ.
ಹನ್ನೊಂದು ವರ್ಷದವನಿದ್ದಾಗ. ಕುದುರೆ ತುಳಿದಿತ್ತು.
ಡಾಕ್ಟರಿಗೆ
ಹೇಳಿಲ್ಲ.

ನಾನೂ ಕೇಳಿಸಿಕೊಳ್ಳಲಿಲ್ಲ ಅಂದುಕೋ, ಎಂದೆ.
ಎದ್ದು ಹೋಗಿ ಬೇರೆ ಪೆಟ್ಟಿಗೆ ತಂದೆ.

ನೋಡು, ಬೂಟನ್ನು ಹೀಗೆ ಹಿಡಿದು ಮಡಿಸು.
ನಿನ್ನ ಬೆರಳು ಬಾಗುವಲ್ಲಿ ಅದೂ ಬಾಗಬೇಕು,
ನಡುವಿನಲ್ಲಿ ಮಡಿಚಿದರೆ ಅದು ಬೂಟಲ್ಲ, ಹಪ್ಪಳ.
ಆ ಹಗುರಾದದ್ದರ ಸೋಲಿಗೆ ಬರೀ ಅಂಟು,
ಇಲ್ಲಿಯ ಡಾಂಬರು ಕಾದ ದಿನ ಬೆಲ್ಲದ ಪಾಕ.
ಇದರಲ್ಲಿ ದಾರ ಕಾಣುತ್ತದಲ್ಲ, ಸುತ್ತಲೂ, ಮುಟ್ಟಿ ನೋಡು.
ಒಳಗಡೆ ಎರಡು ತೂತು, ನೀರು ಹೊರಗೆ ಹೋಗಲಿಕ್ಕೆ;
ಈ ಊರಿನಲ್ಲಿ ನೀರು ಒಳಗೆ ಬರದೆ ಇರುವುದಿಲ್ಲ.
ದಪ್ಪ ಸಾಕ್ಸು ಹಾಕಿಕೋ. ಮುಂದೆ ಒತ್ತಿ ನಿಲ್ಲು,
ಹಿಂದೆ ನನ್ನ ಒಂದು ಬೆರಳು ಇಳಿಯಬೇಕು, ಎರಡಲ್ಲ.
ಅಜ್ಜ ಚರ್ಮಕ್ಕೆ ಹರಳೆಣ್ಣೆ ಕುಡಿಸುತ್ತಿದ್ದ;
ಇದು ಸ್ಯೂಡ್, ಇದಕ್ಕೆ ಎಣ್ಣೆ ಆಗದು,
ಒಣ ಬ್ರಷ್ಷು ಸಾಕು.

ಮೂಲೆಯ ಹಲಗೆಯ ಇಳಿಜಾರಿನಲ್ಲಿ
ಅವನನ್ನು ಆರು ಸಲ ಇಳಿಸಿದೆ.
ಬೆರಳು ಮುಂದೆ ಬಡಿಯಿತೇ? ಇಲ್ಲ.
ಹಿಮ್ಮಡಿ ಏಳುತ್ತಿದೆಯೇ? ಇಲ್ಲ.
ಗಂಟು?
ಸುಮ್ಮನಾದ. ಏಳನೆಯ ಸಲ ತಾನೇ ಇಳಿದ.
ಅದಕ್ಕೆ ಜಾಗ ಇದೆ, ಎಂದ,
ಮನೆಗೆ ಬಂದ ನೆಂಟನಿಗೆ ಕೋಣೆ ಸಿಕ್ಕ ಹಾಗೆ.

ಭಾರ ಇದೆಯಲ್ಲ ಆದರೆ.
ಇದೆ.
ಎಷ್ಟು ದಿನ ಬಾಳುತ್ತದೆ?
ನೀನು ನಡೆದಷ್ಟು.
ಸೋಲು ಸವೆದಾಗ ತಾ, ಬೇರೆ ಹಾಕಿಕೊಡುತ್ತೇನೆ.
ನೀನೇ ತರಬೇಕು, ಕಾಲು ನೋಡದೆ ನಾನು ಮುಟ್ಟುವುದಿಲ್ಲ.
ನಗೆಯಾಡಿದ್ದು ಎಂದುಕೊಂಡು ನಕ್ಕ.

ಹೊಸ ಬೂಟಿನಲ್ಲೇ ಹೊರಟ, ಟಕ್ ಟಕ್,
ಹಳೆಯ ರಬ್ಬರು ಚಪ್ಪಲಿಯನ್ನು ಕೈಯಲ್ಲಿ ತೂಗಾಡಿಸುತ್ತ.
ರಿಜಿಸ್ಟರಿನಲ್ಲಿ ಬರೆದೆ: ಒಂಬತ್ತೂವರೆ, ಅಗಲ.
ಮುಂದೆ ಏನನ್ನೂ ಬರೆಯಲಿಲ್ಲ.

ಸ್ಟೂಲಿನ ಮುಂದೆ ಲಿನೋಲಿಯಮ್ಮಿನ ಮೇಲೆ
ಅವನ ಬೆವರಿನ ಹೆಜ್ಜೆ, ಹಿಮ್ಮಡಿಯಿಂದ ಆರುತ್ತ ಬಂದು
ಐದು ಚುಕ್ಕೆಗಳಾಗಿ ಉಳಿದಿತ್ತು.
ಬಗ್ಗಿ ನೋಡಿದೆ. ಐದೂ ಸರಿಯಾಗಿಯೇ ಇದ್ದವು,
ಕಿರುಬೆರಳು ಕೂಡ.

ಒರೆಸಿ, ಆ ಹಗುರಾದ ಜೋಡಿಯನ್ನು
ಮತ್ತೆ ಕಿಟಕಿಯ ಕಟ್ಟೆಗೆ ಇಟ್ಟೆ.
ನಾಳೆ ಇನ್ನೊಬ್ಬ ಬರುತ್ತಾನೆ,
ಕೂರುವ ಮೊದಲೇ ಬೆರಳು ತೋರುತ್ತಾನೆ.