ನಲವತ್ತರಲ್ಲಿ ಹದಿನೇಳು

ಮೊದಲು ಹಳದಿ. ಬರೀ ಹಳದಿಯಲ್ಲಿ ಅವನು ಯಾರೂ ಅಲ್ಲ,
ಗೋಡೆಗೆ ಒತ್ತಿದ ಅರಿಶಿನದ ಕೈ.
ಆಮೇಲೆ ಕೆಂಪು: ಕಿವಿ, ತುಟಿ, ಅಂಗಿಯ ಕಾಲರು.
ನೀಲಿ ಎಳೆದಾಗ ಬೆರಳುಗಳಿಗೆ ಚಳಿ ಹತ್ತಿತು.
ಕಪ್ಪು ಕೊನೆಗೆ. ಕಪ್ಪು ಬಿದ್ದದ್ದೇ
ಹಾಸನದ ಸಂತೇಪೇಟೆಯಲ್ಲಿ, ನನ್ನ ಹತ್ತಡಿ ಅಂಗಡಿಯಲ್ಲಿ
ಹೆಪ್ಪುರಾಯ ಕಣ್ಣು ಬಿಟ್ಟ.

ಮುಟ್ಟಿದ್ದೆಲ್ಲ ಹೆಪ್ಪುಗಟ್ಟಿಸುವವನು.
ಹರಿವ ಹೊಳೆ, ಓಡುವ ಗಡಿಯಾರ, ಕೆಚ್ಚಲಲ್ಲೇ ಹಾಲು,
ಪರೀಕ್ಷೆಯ ಹಿಂದಿನ ರಾತ್ರಿ ಊರಮಕ್ಕಳ ಬಾಯಲ್ಲಿ ಮಗ್ಗಿ.
ಭಾನುವಾರದ ಪುಟದ ಮೂಲೆಗೆ ಆರು ಚೌಕ,
ಆರನೆಯದರಲ್ಲಿ ಯಾವಾಗಲೂ ಅವನ ತೋರುಬೆರಳು,
ಕೆಳಗೆ, ಮುಂದಿನ ವಾರ.
ಅಬ್ಬಾಜಿ ಓದುತ್ತಿದ್ದರು,
ನಾನು ಎರಡೂ ಕೈ ಕಂಕುಳಲ್ಲಿ ಬಚ್ಚಿಟ್ಟು ಕೇಳುತ್ತಿದ್ದೆ.
ಒಂದು ಭಾನುವಾರ ಪತ್ರಿಕೆಯೇ ನಿಂತಿತು.
ಅವನ ಬೆರಳಿಗೂ ಹೇಮಾವತಿಗೂ ಆಗ ಒಂದು ಗೇಣು.
ಮೂವತ್ತೆಂಟು ವರ್ಷವಾಯಿತು, ಇನ್ನೂ ಒಂದು ಗೇಣು.

ಚನ್ನರಾಯಪಟ್ಟಣದ ಹಲ್ಲಿನ ಡಾಕ್ಟರು ಹೇಳಿದ್ದು:
ನಲವತ್ತೇ ಪ್ರತಿ, ಲಿಮಿಟೆಡ್ ಎಡಿಷನ್,
ಆಮೇಲೆ ಜಾಲರಿ ತೊಳೆದುಬಿಡಬೇಕು, ನನ್ನ ಕಣ್ಣೆದುರೇ.
ನಾನು ಸಾವಿರದ ಲೆಕ್ಕದವಳು.
ಬಿತ್ತನೆ ಆಲೂಗಡ್ಡೆ ಚೀಲವಾದರೆ ಸಾವಿರ, ಲಗ್ನಪತ್ರಿಕೆ ಐನೂರು,
ಅದಕ್ಕಿಂತ ಕಡಿಮೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವವಳಲ್ಲ.
ಇಲ್ಲದಿರುವುದಕ್ಕೂ ಒಂದು ರೇಟು ಇದೆಯೆಂದು
ಈಗ ಗೊತ್ತಾಯಿತು.

ಬಿಸಿಲೇರಿದರೆ ಜಾಲರಿಯ ಕಣ್ಣಲ್ಲೇ ಮಸಿ ಹೆಪ್ಪುಗಟ್ಟುತ್ತದೆ.
ಬಂದ ನೋಡು ರಾಯ, ಎನ್ನುತ್ತಿದ್ದರು ಅಬ್ಬಾಜಿ,
ಬಟ್ಟೆಗೆ ಸೀಮೆಎಣ್ಣೆ ಅದ್ದುತ್ತ.
ಇಪ್ಪತ್ತೊಂಬತ್ತನೆಯ ಹಾಳೆಗೆ ಬಂದೇ ಬಂದ.
ಸ್ಕ್ವೀಜಿ ಎಷ್ಟು ಒತ್ತಿ ಎಳೆದರೂ
ಅವನದೇ ಎಡಗಣ್ಣು ಬೀಳಲಿಲ್ಲ.
ಒಕ್ಕಣ್ಣಿನದನ್ನು ಪಕ್ಕಕ್ಕಿಟ್ಟು ಇನ್ನೊಂದು ಎಳೆದೆ.

ಸಹಿಗೆ ದುದ್ದದಿಂದ ಬಸ್ಸಿನಲ್ಲಿ ಬಂದರು
ಅವನನ್ನು ಬರೆದ ಡ್ರಾಯಿಂಗ್ ಮೇಷ್ಟ್ರು, ಜವರಪ್ಪನವರು.
ಹೆಗಲಿಗೆ ಬುತ್ತಿಯ ಚೀಲ, ಜೇಬಲ್ಲಿ ಮೊಂಡು ಪೆನ್ಸಿಲು.
"ಹುಬ್ಬು ನಮ್ಮ ಹೆಡ್‌ಮಾಸ್ಟರದು, ಗದ್ದ ನಮ್ಮಪ್ಪಂದು.
ಹೆದರಿಸೋ ಸಾಮಾನಿಗೆ ದೂರ ಹೋಗ್ಬೇಕಾ ನಗೀನಾ,
ಎಲ್ಲಾ ಮನೇಲೇ ಸಿಕ್ತದೆ ಕಣಮ್ಮ."
ಇವನನ್ನು ಹಿಡಿಯಲು ಬರುತ್ತಿದ್ದ ಹೀರೋ?
ಹೆಸರು ಇಬ್ಬರಿಗೂ ನೆನಪಾಗಲಿಲ್ಲ.
ಕ್ರಾಪು ಚೆನ್ನಾಗಿತ್ತು, ಎಂದರು ಮೇಷ್ಟ್ರು.

ನಲವತ್ತರಲ್ಲಿ ಒಂದು. ನಲವತ್ತರಲ್ಲಿ ಎರಡು.
ಕೈ ನಡುಗಿದರೂ ಸಹಿ ಗೆರೆ ಬಿಡಲಿಲ್ಲ.
ಹದಿನೇಳಕ್ಕೆ ಪೆನ್ಸಿಲು ನಿಂತಿತು.
"ಇವನು ಒಂದು ದಿನಾನೂ ಬಿಸಿ ಅನ್ನ ಉಂಡಿರಾಕಿಲ್ಲ."
ನನಗೆ ಅರ್ಥವಾಗಲಿಲ್ಲ.
"ಮುಟ್ಟಿದ್ದೆಲ್ಲ ಹೆಪ್ಪಾದ್ರೆ ತುತ್ತೂ ಹಂಗೇ ಅಲ್ವಾ?
ಬರೆಯೋವಾಗ ಹೊಳೀಲೇ ಇಲ್ಲ ನೋಡು.
ಬರೀ ಕೇಡು ಮಾಡಿಸ್ದೆ, ಊಟಕ್ಕೆ ಕೂರಿಸ್ಲಿಲ್ಲ."
ಪಕ್ಕದಲ್ಲಿ ನಾನು ತರಿಸಿದ ಟೀ,
ಮೇಲೆ ಕೆನೆ ಕಟ್ಟಿ ಸುಕ್ಕಾಗಿತ್ತು.
ಹದಿನೇಳರ ಸಹಿ ಉಳಿದವುಗಳಂತಿಲ್ಲ,
ಕೊನೆಯ ಅಕ್ಷರ ಜಾರಿ ಅವನ ಬೆರಳಿಗೆ ತಾಗಿದೆ.

ಹೊರಡುವಾಗ ಕೇಳಿದರು: "ಆ ಒಕ್ಕಣ್ಣಂದು ಲೆಕ್ಕಕ್ಕುಂಟಾ?"
ಇಲ್ಲ, ಎಂದೆ.
ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು,
ಇನ್ನೂ ಬಿಚ್ಚದ ಬುತ್ತಿಯ ಒತ್ತಿಗೆ.

ಸಂಜೆ ಡಾಕ್ಟರ ಎದುರು ಜಾಲರಿ ತೊಳೆದೆ.
ಕಿವಿ ಹೋಯಿತು, ಗದ್ದ ಹೋಯಿತು,
ಬೆರಳು ನೀಲಿ ನೀರಾಗಿ ಮೋರಿಗಿಳಿಯಿತು.
ಹುಬ್ಬು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
ಹೀಗೇ ಆಗುವುದು, ಎಳೆಯಲ್ಲಿ ಕಲೆ ಕೂರುತ್ತದೆ,
ಅಚ್ಚಿಗೆ ಬರುವುದಿಲ್ಲ, ಎಂದೆ. ನಂಬಿದರು.

ಇವತ್ತು ಅದೇ ಜಾಲರಿಯಲ್ಲಿ ಆಲೂರಿನ ಕಡೆಯ ಮದುವೆ, ಐನೂರು ಕಾಗದ.
ಬೆಳಕಿಗೆ ಹಿಡಿದರೆ
ಗಂಡಿನ ಹೆಸರಿನ ಮೇಲೆ ಒಂದು ಹುಬ್ಬು.
ಹಿಡಿಯುವವಳು ನಾನೊಬ್ಬಳೇ.

ಹುಡುಗ ಟೀ ತಂದಿಟ್ಟ.
ಕೈಯ ಮಸಿ ಒರೆಸದೆ,
ನಾಲಿಗೆ ಸುಟ್ಟರೂ
ಆಗಲೇ ಕುಡಿದೆ.